ಕಣ್ಣು ಕೆಂಪಾದದ್ದಕ್ಕೆ ಸೊಂಟದ ಎಕ್ಸ್‌ರೇ ಯಾಕೆ ಬರೆಯುತ್ತಾರೆ?

ಕಲ್ಪತರು_ಟೀಚರ್, ತಿಪಟೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರಿಗೆ 34 ವರ್ಷ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಆಳು ಕಡಿಮೆ ಇದ್ದ ದಿನ ಮೂಟೆಗೂ ಕೈ ಹಾಕುತ್ತಾರೆ. 12 ದಿನದ ಹಿಂದೆ ಅವರ ಬಲಗಣ್ಣು ಕೆಂಪಾಯಿತು. ಕೊಬ್ಬರಿ ಧೂಳು ಬಿದ್ದಿರಬೇಕು ಅಂದುಕೊಂಡು ತಣ್ಣೀರಲ್ಲಿ ತೊಳೆದುಕೊಂಡರು. ಮಾರನೇ ದಿನ ಮೆಡಿಕಲ್ ಶಾಪಿಗೆ ಹೋಗಿ ಕಣ್ಣು ಬೇನೆ ಅಂತ ಹೇಳಿ ಒಂದು ಡ್ರಾಪ್ಸ್ ತಂದರು. ಹಾಕಿದ ಮೂರು ದಿನಕ್ಕೆ ಕೆಂಪು ಇಳಿಯಿತು. ವಾಸಿ ಆಯಿತು ಅಂತ ನಿಲ್ಲಿಸಿದರು. ಎರಡೇ ದಿನಕ್ಕೆ ಮೊದಲಿಗಿಂತ ಜಾಸ್ತಿ ಆಯಿತು.

ಈ ಸಲ ಅವರ ನೋವು ನೋಡೋಕೆ ಆಗಲಿಲ್ಲ. ಬೆಳಕೇ ಆಗದು. ಪರದೆ ಎಳೆದು ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಹುಬ್ಬಿನ ಹತ್ತಿರ, ಕಣ್ಣಿನ ಆಳದಲ್ಲಿ ಅದುಮಿದ ಹಾಗೆ ನೋವು ಅನ್ನುತ್ತಿದ್ದರು. ನೀರು ಸುರಿಯುತ್ತಿತ್ತು, ಆದರೆ ಗೀಜು ಇರಲಿಲ್ಲ. ನನಗೆ ಅನುಮಾನ ಬಂದದ್ದು ಅಲ್ಲೇ. ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಮದ್ರಾಸ್ ಐ ಬಂದರೆ ಬೆಳಗ್ಗೆ ರೆಪ್ಪೆಯೇ ಅಂಟಿಕೊಂಡಿರುತ್ತದೆ. ಇನ್ನೊಂದು ಕಣ್ಣಿಗೂ ಬರುತ್ತದೆ, ಪಕ್ಕ ಕೂತವರಿಗೂ ಬರುತ್ತದೆ. ಇಲ್ಲಿ ಮನೆಯಲ್ಲಿ ಯಾರಿಗೂ ಬರಲಿಲ್ಲ.

ಮೊನ್ನೆ ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಐರೈಟಿಸ್ ಅಂದರು. ಚೀಟಿಯಲ್ಲಿ ಆಕ್ಯೂಟ್ ಆಂಟೀರಿಯರ್ ಯುವಿಯೈಟಿಸ್ ಅಂತಿದೆ, ಕಣ್ಣಿನ ಒಳಗೆ ಮುಂಭಾಗದಲ್ಲಿ ಉರಿಯೂತ ಅಂತೆ. ಗಂಟೆಗೊಂದು ಸಲ ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್ ಹನಿ, ದಿನಕ್ಕೆ ಮೂರು ಸಲ ಹೋಮಾಟ್ರೋಪಿನ್. ಅಲ್ಲಿವರೆಗೆ ಸರಿ. ಆಮೇಲೆ ಮೊದಲು ಯಾವಾಗಾದರೂ ಹೀಗಾಗಿತ್ತಾ ಅಂತ ಕೇಳಿದರು. ಎರಡು ವರ್ಷದ ಹಿಂದೆ ಎಡಗಣ್ಣು ಹೀಗೇ ಎರಡು ವಾರ ಕೆಂಪಾಗಿತ್ತು ಅಂದೆ. ಆಗ ಸೊಂಟ ನೋವು ಇದೆಯಾ, ಬಾಯಲ್ಲಿ ಹುಣ್ಣು ಆಗುತ್ತಾ, ಚರ್ಮದಲ್ಲಿ ಹೊಟ್ಟು ಏಳುತ್ತಾ, ಪದೇ ಪದೇ ಭೇದಿ ಆಗುತ್ತಾ, ಕೆಮ್ಮು ಇದೆಯಾ ಅಂತೆಲ್ಲ ಕೇಳಿದರು. ಇವರು ಎಲ್ಲದಕ್ಕೂ ಇಲ್ಲ ಅಂದರು. ಆದರೂ ಎದೆ ಎಕ್ಸ್‌ರೇ, ಸೊಂಟದ ಎಕ್ಸ್‌ರೇ, ಮಾಂಟೂ (ಟಿಬಿಗೆ ಚರ್ಮದಲ್ಲಿ ಮಾಡುವ ಪರೀಕ್ಷೆ), ಇಎಸ್‌ಆರ್, ಸಿಆರ್‌ಪಿ (ಮೈಯಲ್ಲಿ ಉರಿಯೂತ ಇದೆಯಾ ಅಂತ ನೋಡುವ ರಕ್ತಪರೀಕ್ಷೆಗಳು), ಎಚ್‌ಎಲ್‌ಎ ಬಿ27, ವಿಡಿಆರ್‌ಎಲ್ ಬರೆದುಕೊಟ್ಟರು.

ವಿಡಿಆರ್‌ಎಲ್ ಅಂದರೆ ಏನು ಅಂತ ಮೊಬೈಲಿನಲ್ಲಿ ನೋಡಿದೆವು. ಸಿಫಿಲಿಸ್ ಪರೀಕ್ಷೆ ಅಂತ ಬಂತು. ಅವತ್ತಿನಿಂದ ಇವರು ಸರಿಯಾಗಿ ಮಾತಾಡುತ್ತಿಲ್ಲ. "ನನ್ನ ಮೇಲೆ ಅನುಮಾನ ಪಟ್ಟರಲ್ಲ" ಅನ್ನುತ್ತಾರೆ. ಯಾವ ಪರೀಕ್ಷೆಯೂ ಬೇಡ, ಹನಿ ಹಾಕಿದ ಮೇಲೆ ನೋವು ಅರ್ಧ ಇಳಿದಿದೆ, ಸಾಕು ಅಂತ ಹಟ.

ನನ್ನ ಪ್ರಶ್ನೆ ಇಷ್ಟೇ. ಕಣ್ಣಿನ ಕಾಯಿಲೆಗೆ ಸೊಂಟದ ಎಕ್ಸ್‌ರೇ ನಿಜವಾಗಿಯೂ ಬೇಕಾ? ಒಂದು ಮಾತು ಡಾಕ್ಟರ್ ಹತ್ತಿರ ಹೇಳಲಿಲ್ಲ. ಇವರು ಬೆಳಗ್ಗೆ ಏಳುವಾಗ ಸೊಂಟ ಹಿಡಿದುಕೊಂಡೇ ಏಳುತ್ತಾರೆ. ನಾಲ್ಕೈದು ವರ್ಷದಿಂದ ಹೀಗೇ. ಅದು ಮೂಟೆ ಎತ್ತಿದ್ದಕ್ಕೆ ಅಲ್ವಾ?

ಹಾಸನದ_ಗೌಡ

ಅಕ್ಕ, ನಮ್ಮ ಅಜ್ಜಿ ಕಣ್ಣು ಕೆಂಪಾದರೆ ನಂದಿಬಟ್ಟಲು ಹೂವಿನ ರಸ ಬಿಡುತ್ತಿದ್ದರು. ಬಾಣಂತಿಯರ ಎದೆಹಾಲು ಹಾಕಿದ್ದೂ ನೋಡಿದ್ದೇನೆ. ಉಷ್ಣ ಜಾಸ್ತಿ ಆಗಿರಬಹುದು. ನೆತ್ತಿಗೆ ಹರಳೆಣ್ಣೆ ಇಟ್ಟು ನೋಡಿ. ಇಷ್ಟೊಂದು ಟೆಸ್ಟಿಗೆ ಸುಮ್ನೆ ಖರ್ಚು ಯಾಕೆ ಅಂತ ನನ್ನ ಅನಿಸಿಕೆ.

ಪ್ರೆಸ್_ಹುಬ್ಬಳ್ಳಿ

ಮೇಡಂ, ನಿಮ್ಮ ಕೊನೆಯ ಸಾಲು ಓದಿ ಎದೆ ಝಲ್ ಅಂತು. ಅದಕ್ಕೇ ಉದ್ದ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ. ಯಜಮಾನರಿಗೂ ಓದಿ ಹೇಳಿ.

ಮೊದಲು ಹಾಸನದ ಅಣ್ಣನಿಗೆ. ನಮ್ಮವ್ವನೂ ನಂದಿಬಟ್ಟಲು ರಸ ಬಿಟ್ಟವಳೇ, ಪ್ರೀತಿಯಿಂದಲೇ ಬಿಟ್ಟಳು. ಆದರೆ ಈ ಉರಿ ಕಣ್ಣಿನ ಮೇಲೆ ಇಲ್ಲ, ಒಳಗಿದೆ. ಕರಿಗುಡ್ಡೆಯ ಗಾಜಿನಂಥ ಪೊರೆಯ ಹಿಂದೆ ಕಂದು ಬಣ್ಣದ ಪರದೆ ಇರುತ್ತದಲ್ಲ, ಐರಿಸ್ ಅಂತಾರೆ, ಅದು ಊದಿಕೊಂಡಿರುತ್ತದೆ. ಹೂವಿನ ರಸ ಅಲ್ಲಿಗೆ ಮುಟ್ಟುವುದೇ ಇಲ್ಲ. ರಸದಲ್ಲೋ ಹಾಲಿನಲ್ಲೋ ಸೋಂಕು ಇದ್ದರೆ ಕರಿಗುಡ್ಡೆಯ ಮೇಲೆ ಹುಣ್ಣಾಗುತ್ತದೆ. ಒಂದು ಕಾಯಿಲೆ ಇದ್ದ ಕಣ್ಣಿಗೆ ಎರಡಾಗುತ್ತದೆ. ಬೇಡ ಅಣ್ಣ.

ಈಗ ನನ್ನದು ಹೇಳುತ್ತೇನೆ. 2011ರಲ್ಲಿ ನನಗೆ 26 ವರ್ಷ. ಹುಬ್ಬಳ್ಳಿಯ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಡಿಟಿಪಿ ಕೆಲಸ. ಮದುವೆ ಕಾಲ, ದಿನಕ್ಕೆ ಹತ್ತು ಲಗ್ನಪತ್ರಿಕೆ ಕೂಡಿಸುತ್ತಿದ್ದೆ. ಒಂದು ಮಧ್ಯಾಹ್ನ ಬಲಗಣ್ಣು ನೋಯತೊಡಗಿತು. ಅಕ್ಷರ ಹತ್ತಿರದಿಂದ ನೋಡಿದಷ್ಟೂ ನೋವು ಜಾಸ್ತಿ. ಸಂಜೆಗೆ ಟ್ಯೂಬ್‌ಲೈಟ್ ಕೂಡ ಚುಚ್ಚುತ್ತಿತ್ತು. ಒಳ್ಳೆಯ ಕಣ್ಣು ಮುಚ್ಚಿದರೆ ಹಾಯ್ ಅನಿಸುತ್ತಿತ್ತು. ಬೆಳಕು ಒಳ್ಳೆಯ ಕಣ್ಣಿಗೆ ಬಿದ್ದರೂ ನೋಯುವುದು ಕೆಂಪು ಕಣ್ಣೇ! ಎರಡೂ ಪಾಪೆ ಜೊತೆಗೇ ಕುಗ್ಗುತ್ತವೆ, ಊದಿಕೊಂಡ ಐರಿಸ್ ಕುಗ್ಗುವಾಗ ನೋಯುತ್ತದೆ. ಇದು ಬರೀ ಕಣ್ಣು ಬೇನೆಯಲ್ಲಿ ಆಗುವುದಿಲ್ಲ. ಆಗ ನನಗೆ ಇದನ್ನು ಹೇಳಿಕೊಟ್ಟವರು ಇರಲಿಲ್ಲ.

ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಟಾರ್ಚ್ ಬಿಟ್ಟು ನೋಡಿ ಕಣ್ಣು ಬೇನೆ ಅಂದರು. ಆಂಟಿಬಯೋಟಿಕ್ ಹನಿ ಕೊಟ್ಟರು. ಮೂರು ವಾರ ಒದ್ದಾಡಿ ತಾನಾಗೇ ಇಳಿಯಿತು. 2012ರಲ್ಲಿ ಮತ್ತೆ ಬಂತು. ಅದೇ ಕ್ಲಿನಿಕ್, ಅದೇ ಹನಿ. 2014ರಲ್ಲಿ ಎಡಗಣ್ಣಿಗೆ ಬಂತು. ಈ ಸಲ ಮೆಡಿಕಲ್ ಶಾಪಿನ ಹುಡುಗ ಕೊಟ್ಟ ಹನಿ ಹಾಕಿದೆ. ನಿಮ್ಮವರಿಗೆ ಆದ ಹಾಗೇ ಇಳಿಯಿತು, ಬಿಟ್ಟೆ, ಏರಿತು, ಮತ್ತೆ ಹಾಕಿದೆ. ಆ ಬಾಟಲಿಯಲ್ಲಿ ಸ್ಟೀರಾಯ್ಡ್ ಸೇರಿತ್ತು ಅಂತ ಆಮೇಲೆ ಗೊತ್ತಾಯಿತು. ನಿಮ್ಮವರು ಹಾಕಿದ ಬಾಟಲಿಯನ್ನು ಎಸೆಯಬೇಡಿ, ಡಾಕ್ಟರ್‌ಗೆ ತೋರಿಸಿ. ಹಾಕಿದರೆ ಇಳಿಯುವುದು, ಬಿಟ್ಟರೆ ಏರುವುದು ಅಂದರೆ ಅದೂ ಒಂದು ಸುಳಿವು.

16 ದಿನ ಕಳೆದ ಮೇಲೆ ದೊಡ್ಡ ಕಣ್ಣಾಸ್ಪತ್ರೆಗೆ ಹೋದೆ. ಅಲ್ಲಿನ ಮೇಡಂ ಕತ್ತಲೆ ಕೋಣೆಯಲ್ಲಿ ಸ್ಲಿಟ್ ಲ್ಯಾಂಪ್ ಮುಂದೆ ಗದ್ದ ಇಡಿಸಿದರು. ಸಣ್ಣ ಗೆರೆಯಂಥ ಬೆಳಕನ್ನು ಓರೆಯಾಗಿ ಬಿಟ್ಟು ಬಹಳ ಹೊತ್ತು ನೋಡಿದರು. ಏನು ಕಾಣಿಸುತ್ತದೆ ಅಂತ ಕೇಳಿದೆ. ಅವರು ಹೇಳಿದ್ದು ಇವತ್ತಿಗೂ ನೆನಪಿದೆ. ಹಂಚಿನ ಮನೆಯಲ್ಲಿ ಬೆಳಕಿಂಡಿಯಿಂದ ಬಿಸಿಲುಕೋಲು ಬಿದ್ದಾಗ ಅದರೊಳಗೆ ಧೂಳಿನ ಕಣ ತೇಲುವುದು ಕಾಣುತ್ತದಲ್ಲ, ನಿನ್ನ ಕಣ್ಣಿನ ಮುಂಭಾಗದ ನೀರಿನಲ್ಲಿ ಹಾಗೆ ಬಿಳಿ ರಕ್ತಕಣ ತೇಲುತ್ತಿವೆ ಅಂದರು. ಒಳ್ಳೆಯ ಕಣ್ಣಿನಲ್ಲಿ ಆ ನೀರು ತಿಳಿಯಾಗಿರುತ್ತದೆ, ಬೆಳಕಿನ ದಾರಿ ಕಾಣುವುದೇ ಇಲ್ಲ. ಇದು ಟಾರ್ಚಿಗೆ ಸಿಗುವ ಕಾಯಿಲೆ ಅಲ್ಲ ಮೇಡಂ. ಮೂರು ವರ್ಷ ನನ್ನನ್ನು ನೋಡಿದವರು ಯಾರೂ ಆ ಯಂತ್ರದ ಮುಂದೆ ಕೂರಿಸಿರಲಿಲ್ಲ.

ಅಷ್ಟರಲ್ಲಿ ಐರಿಸ್ ಹಿಂದಿನ ಲೆನ್ಸ್‌ಗೆ ಅಂಟಿಕೊಂಡಿತ್ತು. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಅಂಟಿರದ ಕಡೆ ಮಾತ್ರ ಹಿಗ್ಗಿತು. ಹೂವಿನ ಎಸಳಿನ ಹಾಗೆ ಆಯಿತು. ಎರಡು ಕಡೆ ಬಿಡಿಸಿಕೊಂಡಿತು, ಮೂರನೆಯದು ಬಿಡಲಿಲ್ಲ. ನನ್ನ ಎಡಗಣ್ಣಿನ ಪಾಪೆ ಇವತ್ತಿಗೂ ದುಂಡಗಿಲ್ಲ. ನಿಮ್ಮವರಿಗೆ ಹೋಮಾಟ್ರೋಪಿನ್ ಕೊಟ್ಟದ್ದು ಅದಕ್ಕೇ. ಒಳಗಿನ ಸ್ನಾಯುವಿಗೆ ವಿಶ್ರಾಂತಿ ಸಿಕ್ಕಿ ನೋವು ಇಳಿಯುತ್ತದೆ, ಪಾಪೆ ಅಂಟುವುದಿಲ್ಲ. ಅದು ಹಾಕಿದರೆ ಹತ್ತಿರದ್ದು ಮಸುಕಾಗುತ್ತದೆ. ಮಸುಕಾಯಿತು ಅಂತ ಅದನ್ನು ಬಿಡಬಾರದು.

ಈಗ ನಿಮ್ಮ ಸೊಂಟದ ಪ್ರಶ್ನೆ. ಆ ಮೇಡಂ "ಬೆನ್ನು ನೋವಿದೆಯಾ" ಅಂತ ಕೇಳಲಿಲ್ಲ. ಕೇಳಿದ್ದರೆ ನಾನೂ ಇಲ್ಲ ಅನ್ನುತ್ತಿದ್ದೆ. ಅವರು ಕೇಳಿದ್ದು, "ಬೆಳಗ್ಗೆ ಎದ್ದು ಬಗ್ಗಿ ಚಪ್ಪಲಿ ಹಾಕೋಕೆ ಎಷ್ಟು ಹೊತ್ತು ಬೇಕು?" ನಾನು ಮುಕ್ಕಾಲು ಗಂಟೆ ಅಂದೆ. ರಾತ್ರಿ ಮೂರು ಗಂಟೆಗೆ ನೋವಿಗೆ ಎಚ್ಚರ ಆಗುತ್ತದಾ ಅಂದರು. ಆಗುತ್ತದೆ, ಎದ್ದು ಹಿತ್ತಲಲ್ಲಿ ಓಡಾಡಿದರೆ ಹಗುರ ಆಗುತ್ತದೆ ಅಂದೆ. ಅವರು ಪೆನ್ ಕೆಳಗಿಟ್ಟರು.

ಮೂಟೆ ಎತ್ತಿ ಉಳುಕಿದ ಸೊಂಟ ಮಲಗಿದರೆ ಕಡಿಮೆ ಆಗುತ್ತದೆ, ಕೆಲಸ ಮಾಡಿದರೆ ಜಾಸ್ತಿ ಆಗುತ್ತದೆ. ಇದು ತಿರುವುಮುರುವು. ಮಲಗಿದರೆ ಬಿಗಿಯುತ್ತದೆ, ಓಡಾಡಿದರೆ ಸಡಿಲ ಆಗುತ್ತದೆ. ಸಾಮಾನ್ಯವಾಗಿ 45 ವರ್ಷದೊಳಗೆ ಶುರುವಾಗುತ್ತದೆ, ತಿಂಗಳುಗಟ್ಟಲೆ ಇರುತ್ತದೆ. ನಾನು ಎಂಟು ವರ್ಷ ಇದನ್ನು ಕುರ್ಚಿಯ ತಪ್ಪು, ಬೈಕಿನ ತಪ್ಪು ಅಂದುಕೊಂಡಿದ್ದೆ. ಉಳುಕು ತೆಗೆಯುವವರ ಹತ್ತಿರ ಎಷ್ಟು ಸಲ ಹೋಗಿದ್ದೆನೋ. ಅದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಆಗಿತ್ತು. ನಮ್ಮದೇ ರೋಗನಿರೋಧಕ ಶಕ್ತಿ ನಮ್ಮ ಕೀಲಿನ ಮೇಲೆ ತಿರುಗಿ ಬೀಳುವ ಕಾಯಿಲೆ. ಅದೇ ಉರಿ ಕಣ್ಣಿಗೂ ಬರುತ್ತದೆ. ಇದ್ದಕ್ಕಿದ್ದ ಹಾಗೆ ಬರುವುದು, ಒಂದು ಸಲಕ್ಕೆ ಒಂದೇ ಕಣ್ಣು, ಮುಂದಿನ ಸಲ ಇನ್ನೊಂದು ಕಣ್ಣು ಆದರೂ ಆಗಬಹುದು. ನಿಮ್ಮವರಿಗೆ ಎರಡು ವರ್ಷದ ಹಿಂದೆ ಎಡ, ಈಗ ಬಲ ಅಲ್ವಾ? ಡಾಕ್ಟರ್ ಸೊಂಟದ ಎಕ್ಸ್‌ರೇ ಬರೆದದ್ದು ಅದಕ್ಕೇ.

ಬಿ27 ಅನ್ನುವುದು ಹುಟ್ಟಿನಿಂದ ಬರುವ ಒಂದು ಗುರುತು. ಈ ಬೆನ್ನಿನ ಕಾಯಿಲೆಗೂ ಅದಕ್ಕೂ ನಂಟಿದೆ ಅಂತ 1973ರಲ್ಲಿ ಲಂಡನ್ನಿನವರೂ ಲಾಸ್ ಏಂಜಲೀಸ್‌ನವರೂ ಬೇರೆ ಬೇರೆಯಾಗಿ ಕಂಡುಹಿಡಿದರು. ಅದೇ ವರ್ಷ ಕಣ್ಣಿನ ಈ ಉರಿಯೂತಕ್ಕೂ ನಂಟು ಗೊತ್ತಾಯಿತು. ಆದರೆ ರಿಪೋರ್ಟಿನಲ್ಲಿ ಪಾಸಿಟಿವ್ ಅಂತ ಬಂದ ಕೂಡಲೇ ಹೆದರಬೇಡಿ. ಆ ಗುರುತು ಇದ್ದವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ನನ್ನ ತಮ್ಮನಿಗೂ ಇದೆ, ಅವನಿಗೆ ಕಣ್ಣೂ ಸರಿ, ಬೆನ್ನೂ ಸರಿ. ನೋವಿನ ಕಥೆ, ಕಣ್ಣಿನ ಕಥೆ, ರಕ್ತ, ಎಕ್ಸ್‌ರೇ ಎಲ್ಲ ಕೂಡಿಸಿ ನೋಡುತ್ತಾರೆ.

ದಯವಿಟ್ಟು ಈ ವಾರವೇ ಹೋಗಿ ಬೆಳಗಿನ ಸೊಂಟದ ವಿಷಯ ಹೇಳಿ. ಅವರು ಹೇಳದಿದ್ದರೆ ನೀವು ಹೇಳಿ.

ಮೈಸೂರು_ಆಪ್ಟೊ

ನಾನು ಆಪ್ಟೋಮೆಟ್ರಿಸ್ಟ್, ಅಂದರೆ ಕಣ್ಣು, ದೃಷ್ಟಿ ಪರೀಕ್ಷೆ ಮಾಡುವವನು. ಹುಬ್ಬಳ್ಳಿಯವರು ಬರೆದದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ.

ಟೀಚರ್, ಮೊದಲ ಸಲ, ಒಂದೇ ಕಣ್ಣು, ಸೌಮ್ಯವಾಗಿದ್ದು ಬೇರೇನೂ ತೊಂದರೆ ಇಲ್ಲದಿದ್ದರೆ ಎಷ್ಟೋ ಡಾಕ್ಟರ್‌ಗಳು ಯಾವ ಪರೀಕ್ಷೆಯನ್ನೂ ಬರೆಯುವುದಿಲ್ಲ. ಮರುಕಳಿಸಿದರೆ, ಎರಡೂ ಕಣ್ಣಿಗೆ ಬಂದರೆ ಅಥವಾ ಕಣ್ಣಿನೊಳಗೆ ಕಂಡ ಗುರುತುಗಳು ಬೇರೆ ಥರ ಇದ್ದರೆ ಬರೆಯುತ್ತಾರೆ. ಉದಾಹರಣೆಗೆ ಕರಿಗುಡ್ಡೆಯ ಒಳಮೈಗೆ ಕುರಿ ಕೊಬ್ಬಿನಂಥ ದಪ್ಪ ಚುಕ್ಕೆಗಳು ಅಂಟಿದ್ದರೆ ನಮ್ಮ ದೇಶದಲ್ಲಿ ಮೊದಲು ನೆನಪಾಗುವುದು ಟಿಬಿ, ಆಮೇಲೆ ಸಾರ್ಕಾಯ್ಡ್ (ಶ್ವಾಸಕೋಶ, ಬೇರೆ ಅಂಗಗಳಲ್ಲಿ ಉರಿಯೂತದ ಸಣ್ಣ ಗಂಟು ಏಳುವ ಕಾಯಿಲೆ). ಎದೆ ಎಕ್ಸ್‌ರೇ, ಮಾಂಟೂ ಅದಕ್ಕೆ. ಮಾಂಟೂ ಊದಿಕೊಂಡ ಮಾತ್ರಕ್ಕೆ ಕಣ್ಣಿನಲ್ಲಿ ಟಿಬಿ ಇದೆ ಅಂತ ಅರ್ಥ ಅಲ್ಲ. ಮುಂದೆ ಜೋರಾದ ಔಷಧಿ ಕೊಡಬೇಕಾದರೂ ಮೈಯಲ್ಲಿ ಟಿಬಿ ಅಡಗಿಲ್ಲ ಅಂತ ನೋಡಿಕೊಳ್ಳಲೇಬೇಕು.

ಕಣ ತೇಲುತ್ತವೆ ಅಂದರಲ್ಲ, ಅವನ್ನು ನಿಜವಾಗಿಯೂ ಎಣಿಸುತ್ತಾರೆ. ಬೆಳಕನ್ನು 1 ಮಿ.ಮೀ. ಉದ್ದ, 1 ಮಿ.ಮೀ. ಅಗಲಕ್ಕೆ ಇಟ್ಟು ಅದರೊಳಗೆ ಎಷ್ಟು ಕಾಣುತ್ತವೆ ಅಂತ. 6ರಿಂದ 15 ಇದ್ದರೆ 1 ಪ್ಲಸ್, 16ರಿಂದ 25 ಇದ್ದರೆ 2 ಪ್ಲಸ್, 50ಕ್ಕಿಂತ ಜಾಸ್ತಿ ಇದ್ದರೆ 4 ಪ್ಲಸ್. 2005ರಿಂದ ಎಲ್ಲ ಕಡೆ ಇದೇ ಲೆಕ್ಕ. ನಿಮ್ಮ ಚೀಟಿಯಲ್ಲಿ ಬರೆದಿರುತ್ತಾರೆ, ನೋಡಿ. ಮುಂದಿನ ಸಲ ಆ ಅಂಕಿ ಇಳಿಯಬೇಕು. ಹೊರಗೆ ಕೆಂಪು ಹೋಗಿದ್ದರೂ ಒಳಗೆ ಕಣ ಇರುತ್ತವೆ. ಅದಕ್ಕೇ ನೋವು ಹೋಯಿತು ಅಂತ ಹನಿ ನಿಲ್ಲಿಸಬಾರದು.

ಕಣ್ಣಿನ ಒತ್ತಡವನ್ನೂ ಅಳೆಸಿ. ಈ ಉರಿಯೂತದಲ್ಲಿ ಒತ್ತಡ ಸಾಮಾನ್ಯವಾಗಿ ಇಳಿದಿರುತ್ತದೆ. ಏರಿದ್ದರೆ ಹರ್ಪಿಸ್ ವೈರಸ್ ಇರಬಹುದೇ ಅಂತ ಯೋಚಿಸುತ್ತಾರೆ. ಸ್ಟೀರಾಯ್ಡ್ ಹನಿಯನ್ನು ವಾರಗಟ್ಟಲೆ ಹಾಕಿದರೂ ಕೆಲವರಿಗೆ ಏರುತ್ತದೆ. ಹರ್ಪಿಸ್ ಹುಣ್ಣೋ ಶಿಲೀಂಧ್ರದ ಹುಣ್ಣೋ ಇದ್ದ ಕಣ್ಣಿಗೆ ಸ್ಟೀರಾಯ್ಡ್ ಬಿದ್ದರೆ ಕಣ್ಣೇ ಹೋಗಬಹುದು. ಗದ್ದೆಯಲ್ಲಿ ಭತ್ತದ ಗರಿ ತಾಗಿ ಬಂದವರು ಅಂಗಡಿಯಿಂದ ಇದೇ ಹನಿ ತಂದು ಹಾಕಿಕೊಂಡು ಬಂದಾಗ ನಮಗೆ ಸಂಕಟ ಆಗುತ್ತದೆ.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಮಾತು. ಇಲಿ ಜ್ವರ ವಾಸಿಯಾಗಿ ಕೆಲವು ವಾರ, ಕೆಲವು ತಿಂಗಳ ಮೇಲೂ ಕಣ್ಣಿಗೆ ಉರಿಯೂತ ಬರಬಹುದು. 1993ರಲ್ಲಿ ಮದುರೈ ಕಡೆ ನೆರೆ ಬಂದ ಮೇಲೆ ಹೀಗೆ ಬಹಳ ಜನ ಅರವಿಂದ್ ಕಣ್ಣಾಸ್ಪತ್ರೆಗೆ ಬಂದರು. ಹುಡುಕಿದಾಗ ಕಾರಣ ಇಲಿ ಜ್ವರದ ರೋಗಾಣು ಅಂತ ಗೊತ್ತಾಯಿತು. ಡಾಕ್ಟರ್ ಕೇಳದಿದ್ದರೂ ಹಿಂದಿನ ಜ್ವರದ ವಿಷಯ ಹೇಳಿ.

ವಿಡಿಆರ್‌ಎಲ್ ಬಗ್ಗೆ ಯಜಮಾನರಿಗೆ ಬೇಜಾರಾದದ್ದು ನನಗೆ ಅರ್ಥ ಆಗುತ್ತದೆ. ಬರೆಯುವಾಗ ಎರಡು ಮಾತು ಹೇಳಿದ್ದರೆ ಚೆನ್ನಾಗಿತ್ತು. ಆದರೆ ಅದು ಯಾರ ನಡತೆಯ ಪರೀಕ್ಷೆಯೂ ಅಲ್ಲ. ಸಿಫಿಲಿಸ್ ಕಣ್ಣಿನಲ್ಲಿ ಯಾವ ರೂಪದಲ್ಲಿ ಬೇಕಾದರೂ ಕಾಣಿಸಿಕೊಳ್ಳುತ್ತದೆ, ಪೆನಿಸಿಲಿನ್‌ನಿಂದ ವಾಸಿ ಆಗುತ್ತದೆ, ತಪ್ಪಿಹೋದರೆ ದೃಷ್ಟಿ ಹೋಗುತ್ತದೆ. ಅದಕ್ಕೆ ಪರೀಕ್ಷೆ ಬರೆಯುವವರು ವಯಸ್ಸು, ಮದುವೆ, ಊರು ನೋಡದೆ ಇದನ್ನೂ ಬರೆಯುತ್ತಾರೆ. 70 ವರ್ಷದ ಅಜ್ಜಿಗೂ ಬರೆಯುತ್ತಾರೆ. ಎಲ್ಲ ಪರೀಕ್ಷೆ ಮಾಡಿದರೂ ಬಹಳ ಜನರಲ್ಲಿ ಕಾರಣ ಸಿಗುವುದೇ ಇಲ್ಲ, ಅದನ್ನೂ ತಿಳಿದಿರಿ.

ಪುಟ್ಟಿಯ_ಅಮ್ಮ, ಶಿರಸಿ

ಇದನ್ನು ಓದುವ ಅಪ್ಪ ಅಮ್ಮಂದಿರಿಗಾಗಿ ಬರೆಯುತ್ತಿದ್ದೇನೆ. ನನ್ನ ಮಗಳಿಗೆ 4 ವರ್ಷ ಇದ್ದಾಗ ಒಂದು ಮಂಡಿ ಊದಿಕೊಂಡಿತು. ಬಿದ್ದಿರಬೇಕು ಅಂದುಕೊಂಡೆವು. ಮಕ್ಕಳ ಸಂಧಿವಾತ ಅಂತ ಗೊತ್ತಾದ ದಿನವೇ ಡಾಕ್ಟರ್ ಕಣ್ಣು ತೋರಿಸಿ ಬನ್ನಿ ಅಂದರು. ಕಣ್ಣು ಬೆಳ್ಳಗೆ ಇದೆ, ನೋವಿಲ್ಲ, ಟಿವಿ ನೋಡುತ್ತಾಳೆ, ಯಾಕೆ ಅಂತ ಒಂದು ತಿಂಗಳು ತಡ ಮಾಡಿದೆವು. ಸ್ಲಿಟ್ ಲ್ಯಾಂಪಿನಲ್ಲಿ ನೋಡಿದಾಗ ಎರಡೂ ಕಣ್ಣಿನಲ್ಲಿ ಉರಿಯೂತ ಇತ್ತು. ಇಂಥ ಮಕ್ಕಳಿಗೆ ಕಣ್ಣು ಕೆಂಪಾಗುವುದೇ ಇಲ್ಲ. ಒಳಗೊಳಗೇ ಅಂಟು ಬೀಳುತ್ತದೆ, ಪೊರೆ ಬರುತ್ತದೆ. ರಕ್ತದಲ್ಲಿ ಎಎನ್‌ಎ (ನಮ್ಮ ಜೀವಕೋಶದ ಮೇಲೇ ತಿರುಗುವ ಪ್ರತಿಕಾಯ) ಪಾಸಿಟಿವ್ ಇದ್ದ ಚಿಕ್ಕ ಹುಡುಗಿಯರಿಗೆ ಇದು ಜಾಸ್ತಿ ಅಂತ ಹೇಳಿದರು.

ಈಗ ಅವಳಿಗೆ 9. ವಾರಕ್ಕೊಂದು ಸಲ ಉರಿಯೂತ ತಗ್ಗಿಸುವ ಮೆಥೋಟ್ರೆಕ್ಸೇಟ್ ಔಷಧಿ, ಮೂರು ತಿಂಗಳಿಗೊಮ್ಮೆ ಕಣ್ಣಿನ ತಪಾಸಣೆ. ಘಟ್ಟ ಇಳಿದು ಹೋಗುವ ದಾರಿಯುದ್ದಕ್ಕೂ ವಾಂತಿ ಮಾಡುತ್ತಾಳೆ, ಆದರೂ ಒಂದು ಸಲವೂ ತಪ್ಪಿಸಿಲ್ಲ. ಕಪ್ಪು ಹಲಗೆ ಚೆನ್ನಾಗಿ ಕಾಣುತ್ತದೆ ಅವಳಿಗೆ.

ಕಲ್ಪತರು_ಟೀಚರ್, ತಿಪಟೂರು

ಎಲ್ಲರಿಗೂ ತುಂಬಾ ಧನ್ಯವಾದ. ಹುಬ್ಬಳ್ಳಿ ಸರ್ ಬರೆದದ್ದನ್ನು ರಾತ್ರಿ ಇವರಿಗೆ ಓದಿ ಹೇಳಿದೆ. ಚಪ್ಪಲಿಯ ಮಾತು ಬಂದಾಗ ಎದ್ದು ಕೂತರು. "ನನಗೂ ಹಾಗೇ ಆಗುತ್ತೆ" ಅಂದರು. ಬೆಳಗಿನ ಜಾವ ಎದ್ದು ಅಂಗಳದಲ್ಲಿ ಓಡಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಮಂಡಿಯ ಲೆಕ್ಕದ ಚಿಂತೆ ಅಂದುಕೊಂಡಿದ್ದೆ. ಆಪ್ಟೊ ಸರ್ ಹೇಳಿದ 70 ವರ್ಷದ ಅಜ್ಜಿಯ ಮಾತು ಕೇಳಿ ವಿಡಿಆರ್‌ಎಲ್ ಸಿಟ್ಟೂ ಇಳಿಯಿತು. ಎಲ್ಲ ಪರೀಕ್ಷೆ ಮಾಡಿಸಿದೆವು.

ನಿನ್ನೆ ರಿಪೋರ್ಟ್ ತೆಗೆದುಕೊಂಡು ಹೋಗಿದ್ದೆವು. ಟಿಬಿ ಇಲ್ಲ, ವಿಡಿಆರ್‌ಎಲ್ ನೆಗೆಟಿವ್. ಬಿ27 ಪಾಸಿಟಿವ್. ಸೊಂಟದ ಎಕ್ಸ್‌ರೇಯಲ್ಲಿ ಅಂಥದ್ದೇನೂ ಕಾಣುತ್ತಿಲ್ಲ, ಆದರೆ ಶುರುವಿನಲ್ಲಿ ಎಕ್ಸ್‌ರೇಗೆ ಸಿಗದೆ ಇರಬಹುದು, ಎಂಆರ್‌ಐ ಬೇಕು ಅಂತ ಕೀಲುವಾತದ ಡಾಕ್ಟರ್‌ಗೆ ಬರೆದುಕೊಟ್ಟಿದ್ದಾರೆ. ಸೋಮವಾರ ಬೆಂಗಳೂರಿಗೆ ಹೋಗುತ್ತೇವೆ. ಕಣ 3 ಪ್ಲಸ್ ಇದ್ದದ್ದು 1 ಪ್ಲಸ್ ಆಗಿದೆ. ಒತ್ತಡ ಸರಿ ಇದೆ. ಪಾಪೆ ಎಲ್ಲೂ ಅಂಟಿಲ್ಲ, ದುಂಡಗಿದೆ ಅಂದರು. ಆ ಮಾತು ಕೇಳಿ ಹುಬ್ಬಳ್ಳಿ ಸರ್ ನೆನಪಾದರು.

ಹನಿಯನ್ನು ಎರಡು ಗಂಟೆಗೊಮ್ಮೆ ಮಾಡಿದ್ದಾರೆ. ಎಷ್ಟು ದಿನ ಹಾಕಬೇಕಾಗಬಹುದು ಸರ್?

ಪ್ರೆಸ್_ಹುಬ್ಬಳ್ಳಿ

ದುಂಡಗಿದೆ ಅಂತ ಓದಿ ನನ್ನ ಹೆಂಡತಿಗೂ ಕೂಗಿ ಹೇಳಿದೆ ಮೇಡಂ. ಬಹಳ ಸಂತೋಷ.

ನನಗೆ ಪ್ರತಿ ಸಲ ಆರು ವಾರ ಹಿಡಿದಿದೆ. ವಾರ ವಾರ ಒಂದೊಂದು ಹನಿ ಇಳಿಸುತ್ತಾ ಬರುತ್ತಾರೆ. ಕೊನೆಯ ವಾರ ದಿನಕ್ಕೆ ಒಂದೇ ಹನಿ ಇರುವಾಗ ಬಿಟ್ಟುಬಿಡೋಣ ಅನಿಸುತ್ತದೆ. ಆಗಲೇ ಬಿಡಬಾರದು. ಆ ಬಿಳಿ ಹನಿಯಲ್ಲಿ ಔಷಧಿ ತಳಕ್ಕೆ ಕೂತಿರುತ್ತದೆ, ಪ್ರತಿ ಸಲ ಚೆನ್ನಾಗಿ ಅಲ್ಲಾಡಿಸಿ ಹಾಕಿ. ಎರಡು ಹನಿ ನಡುವೆ ಐದು ನಿಮಿಷ ಬಿಡಿ. ಹಾಕಿದ ಮೇಲೆ ಮೂಗಿನ ಕಡೆಯ ಕಣ್ಣಿನ ಮೂಲೆಯನ್ನು ಒಂದು ನಿಮಿಷ ಒತ್ತಿ ಹಿಡಿಯಲಿ. ಪಾಪೆ ಹಿಗ್ಗಿರುವಷ್ಟು ದಿನ ಬೈಕ್ ಬೇಡ.

ಸೋಮವಾರ ಕೀಲುವಾತದ ಡಾಕ್ಟರ್ ಹತ್ತಿರ ರಾತ್ರಿ ಎಚ್ಚರ ಆಗುವುದನ್ನು ಮೊದಲು ಹೇಳಿ. ನನಗೆ ಆರಂಭದಲ್ಲಿ ನೋವಿನ ಮಾತ್ರೆ, ದಿನಾ ವ್ಯಾಯಾಮ ಕೊಟ್ಟರು. ಕಣ್ಣು ಮತ್ತೆ ಮತ್ತೆ ಬಂದದ್ದರಿಂದ 2018ರಲ್ಲಿ ರೋಗನಿರೋಧಕ ಶಕ್ತಿಯ ಅತಿರೇಕ ತಗ್ಗಿಸುವ ಅಡಾಲಿಮುಮಾಬ್ ಇಂಜೆಕ್ಷನ್ ಶುರುಮಾಡಿದರು. ಅಲ್ಲಿಂದ ಒಂದೇ ಸಲ ಬಂದಿದೆ. ಆ ಸಲ ನೋವು ಶುರುವಾದ ದಿನವೇ ಪ್ರೆಸ್‌ನಿಂದ ನೇರ ಆಸ್ಪತ್ರೆಗೆ ಹೋದೆ. ಬೆಂಗಳೂರಿನಿಂದ ಬಂದ ಮೇಲೆ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.